ಸುಫ್ಯಾನ್ ಸ್ಟೀವನ್ಸ್‌ನ ಎರಡು ಆಲ್ಬಮ್: ಪ್ರಾರ್ಥನೆಗೆ ಯಾವುದು ಹತ್ತಿರ?

ಕೀಬೋರ್ಡು, ಡ್ರಮ್ಸು, ಎಕೋ ತುಂಬಿದ ಆರಾಧನೆ ಹಾಡುಗಳು ಸಾಕಾಗಿ, ಮೆಲ್ಲಗೆ ಹಾಡುವ ಭಕ್ತಿ ಬೇಕು ಅನ್ನುವವರಿಗೆ ನಾನು ಹೇಳುವ ಹೆಸರು ಅಮೆರಿಕದ ಗಾಯಕ ಸುಫ್ಯಾನ್ ಸ್ಟೀವನ್ಸ್. ಶುರು ಯಾವುದರಿಂದ ಮಾಡಬೇಕು? 2004ರ ‘ಸೆವೆನ್ ಸ್ವಾನ್ಸ್’ ಅಥವಾ 2015ರ ‘ಕ್ಯಾರಿ ಅಂಡ್ ಲೋವೆಲ್’? ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಎರಡನ್ನೂ ಅದಲುಬದಲಾಗಿ ಕೇಳಿದೆ. ಮನೆಯಲ್ಲಿ, ಮೆಟ್ರೋದಲ್ಲಿ, ಶುಕ್ರವಾರ ಶಿಲುಬೆ ಹಾದಿ ಮುಗಿಸಿ ಬಂದ ಮೇಲೆ.

‘ಸೆವೆನ್ ಸ್ವಾನ್ಸ್’ನಲ್ಲಿ 12 ಹಾಡು. ಜಾಸ್ತಿ ಕೇಳುವುದು ಬ್ಯಾಂಜೊ ಅನ್ನುವ ತಂತಿವಾದ್ಯ, ಗಿಟಾರ್, ಕಿವಿಯ ಹತ್ತಿರ ಬಂದು ಹಾಡುವ ದನಿ. ಮೊದಲ ಹಾಡಿನ ಹೆಸರೇ ಬೈಬಲ್ಲಿನ ಯೆಶಾಯನ ಗ್ರಂಥದ್ದು, ಕಾಡಿನ ಮರಗಳೆಲ್ಲ ಚಪ್ಪಾಳೆ ತಟ್ಟುವ ಆ ಮಾತು. ‘ಟು ಬಿ ಅಲೋನ್ ವಿತ್ ಯು’ ಪ್ರೇಮಗೀತೆ ಅಂತಲೇ ಅನಿಸುತ್ತದೆ. ಮರದ ಮೇಲೆ, ಅಂದರೆ ಶಿಲುಬೆಗೆ, ಏರಿದವನ ಮಾತು ಬಂದಾಗ ಗೊತ್ತಾಗುತ್ತದೆ, ಹಾಡು ಯೇಸುಸ್ವಾಮಿಯದು.

ನನಗೆ ಎಲ್ಲಕ್ಕಿಂತ ಇಷ್ಟ ‘ಅಬ್ರಹಾಮ್’, ದೇವರ ಮಾತಿಗೆ ಮಗನನ್ನೇ ಬಲಿಕೊಡಲು ಹೊರಟ ಬೈಬಲ್ಲಿನ ಅಪ್ಪನ ಹಾಡು. ಎರಡೂವರೆ ನಿಮಿಷ, ಕೆಲವೇ ಸಾಲು. ಮಗನ ಹೆಗಲಿಗೆ ಕಟ್ಟಿಗೆ, ಎತ್ತಿದ ಕೈ, ದೇವದೂತ, ಟಗರು, ಅಷ್ಟೇ. ಅಪ್ಪನ ಮನಸ್ಸಿನಲ್ಲಿ ಏನಿತ್ತು ಅಂತ ಒಂದು ಮಾತೂ ಇಲ್ಲ, ಬೈಬಲ್ಲಿನಲ್ಲೂ ಇಲ್ಲ. ಆ ಜಾಗವನ್ನು ನಾವೇ ತುಂಬಿಕೊಳ್ಳಬೇಕು. ಭಾನುವಾರ ಇದನ್ನು ಸ್ಪೀಕರಿನಲ್ಲಿ ಹಾಕಿದ್ದೆ. ಇಂಗ್ಲಿಷ್ ಅಷ್ಟಾಗಿ ಬಾರದ ಅಮ್ಮ ಅಡುಗೆಮನೆಯಿಂದಲೇ “ಏನಪ್ಪಾ, ಅಬ್ರಹಾಮನ ಹಾಡಾ? ಇನ್ನೊಂದ್ಸಲ ಹಾಕು” ಅಂದರು.

ಆಲ್ಬಮ್ ಮುಗಿಯುವುದು ಬೆಟ್ಟದ ಮೇಲೆ ಯೇಸುಸ್ವಾಮಿ ಬೆಳಗಿದ ರೂಪಾಂತರದ ಹಾಡಿನಿಂದ. ತಪಸ್ಸುಕಾಲದ ಎರಡನೇ ಭಾನುವಾರ ಪೂಜೆಯಲ್ಲಿ ಓದುವ ಶುಭಸಂದೇಶವೂ ಅದೇ ಅಲ್ವಾ? 2024ರಲ್ಲಿ ಅದೇ ದಿನ ಮೊದಲ ವಾಚನ ಅಬ್ರಹಾಮನದಾಗಿತ್ತು. ಗುಡಿಯಲ್ಲಿ ಕೇಳಿದ ಎರಡೂ ವಾಚನ ಒಂದೇ ಆಲ್ಬಮ್‌ನಲ್ಲಿ ಸಿಗುತ್ತವೆ ಅನ್ನುವುದು ನನಗೆ ದೊಡ್ಡ ಸಂತೋಷ.

‘ಕ್ಯಾರಿ ಅಂಡ್ ಲೋವೆಲ್’ ದುಃಖದ ಆಲ್ಬಮ್. ಸುಫ್ಯಾನ್ ಚಿಕ್ಕವನಿದ್ದಾಗಲೇ ಮನೆ ಬಿಟ್ಟುಹೋದ ತಾಯಿ ಕ್ಯಾರಿ 2012ರಲ್ಲಿ ತೀರಿಕೊಂಡರು. ಲೋವೆಲ್ ಅಂದರೆ ಮಲತಂದೆ. ಕೆಲವು ಭಾಗಗಳನ್ನು ಹೋಟೆಲ್ ರೂಮಿನಲ್ಲಿ ಐಫೋನಿನಲ್ಲೇ ರೆಕಾರ್ಡ್ ಮಾಡಿದ್ದಾರೆ. ಯೇಸುವಿನ ಪ್ರೀತಿಯ ಶಿಷ್ಯ ಯೊವಾನ್ನನನ್ನು (ಇಂಗ್ಲಿಷಿನಲ್ಲಿ ಜಾನ್) ನೆನಪಿಸುವ ‘ಜಾನ್ ಮೈ ಬಿಲವ್ಡ್’ ಹಾಡಿನ ಕೊನೆಗೆ ಕಿವಿಗೊಡಿ. ಸಂಗೀತ ನಿಂತ ಮೇಲೆ ಗಾಯಕ ಒಮ್ಮೆ ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ಅದನ್ನು ಕತ್ತರಿಸದೆ ಬಿಟ್ಟಿದ್ದಾರೆ. ಅಳು ತಡೆದುಕೊಂಡು ಜಪಮಾಲೆ ಹೇಳುವವರ ಪಕ್ಕ ಮೊಣಕಾಲೂರಿದ ಹಾಗೆ ಅನಿಸಿತು.

ಇಲ್ಲಿ ವಿಶ್ವಾಸ ಗಟ್ಟಿಯಾಗಿ ನಿಂತಿಲ್ಲ. ಶಿಲುಬೆಯ ನೆರಳಲ್ಲೂ ತಂಪಿಲ್ಲ ಅನ್ನುವ ಹಾಡೇ ಇದೆ. ಅದು ದೇವನಿಂದೆ ಅಂತ ನನಗೆ ಅನಿಸಲಿಲ್ಲ. ಕೀರ್ತನೆಗಳಲ್ಲೂ ಇಂಥ ಕೂಗು ಎಷ್ಟು ಬೇಕಾದರೂ ಇದೆ. ಆದರೆ ಇದನ್ನು ದಿನಾ ಕೇಳಲು ಆಗುವುದಿಲ್ಲ, ಮನಸ್ಸು ಭಾರವಾಗುತ್ತದೆ. ನೇರಳೆ ಮಾರ್ಗದ ಮೆಟ್ರೋದಲ್ಲಂತೂ ಬೇಡವೇ ಬೇಡ. ಸುರಂಗದ ಸದ್ದಿನಲ್ಲಿ ಅರ್ಧ ಹಾಡು ಮುಳುಗಿಹೋಗುತ್ತದೆ. ಬ್ಯಾಂಜೊ ಮಾತ್ರ ಅಲ್ಲೂ ಕೇಳಿಸುತ್ತದೆ.

ಮೌಂಟನ್ ಗೋಟ್ಸ್ ಅನ್ನುವ ಅಮೆರಿಕದ ಬ್ಯಾಂಡಿನ 2009ರ ‘ದ ಲೈಫ್ ಆಫ್ ದ ವರ್ಲ್ಡ್ ಟು ಕಮ್’ ಕೂಡ ಕೇಳಿದೆ. ಪ್ರತಿ ಹಾಡಿಗೂ ಬೈಬಲ್ ವಚನದ ಹೆಸರು. ಪಕ್ಕದಲ್ಲಿ ಬೈಬಲ್ ತೆರೆದಿಟ್ಟುಕೊಂಡು ಕೇಳಲು ಚೆನ್ನ. ಆದರೆ ಸ್ಟುಡಿಯೋದ ನಯ ಜಾಸ್ತಿ, ಈ ಎರಡರ ಮನೆಯ ಸದ್ದು ಅದರಲ್ಲಿಲ್ಲ.

ನನ್ನ ಆಯ್ಕೆ ‘ಸೆವೆನ್ ಸ್ವಾನ್ಸ್’. ನಾಲ್ಕು ಜನ ಕೂತು ಕೇಳಬಹುದು, ವಚನ ಗೊತ್ತಿದ್ದವರಿಗೆ ಮತ್ತೆ ಮತ್ತೆ ಹೊಸದು ಸಿಗುತ್ತದೆ. ಮನೆಯಲ್ಲಿ ಇತ್ತೀಚೆಗೆ ಸಾವು ಕಂಡವರು ಮಾತ್ರ ‘ಕ್ಯಾರಿ’ಯನ್ನೇ ಮೊದಲು ಕೇಳಿ, ಒಬ್ಬರೇ ಇದ್ದಾಗ. ಇನ್ನೊಂದು ಮಾತು: ‘ಸೆವೆನ್ ಸ್ವಾನ್ಸ್’ ಅನ್ನುವ ಹಾಡೇ ಕೊನೆಕೊನೆಗೆ ಇದ್ದಕ್ಕಿದ್ದಂತೆ ಜೋರಾಗುತ್ತದೆ. ಇಯರ್‌ಫೋನ್ ಹಾಕಿದ್ದರೆ ವಾಲ್ಯೂಮ್ ಮೊದಲೇ ಸ್ವಲ್ಪ ಇಳಿಸಿಕೊಳ್ಳಿ.