ವಿಮ್‌ನಲ್ಲಿ ಕೋಡ್ ಕಂಪ್ಲೀಷನ್: ನಾಲ್ಕು ದಾರಿ ನಡೆದು ನೋಡಿದೆ

ನನ್ನದು ಹಳೆ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್. ಬ್ರೌಸರ್ ಜೊತೆ ದೊಡ್ಡ ಎಡಿಟರ್ ತೆರೆದರೆ ಫ್ಯಾನ್ ಕಿರುಚಲು ಶುರು ಮಾಡುತ್ತದೆ. ಹಾಗಾಗಿ ವಿಮ್ ಎಂಬ ಹಗುರ ಟೆಕ್ಸ್ಟ್ ಎಡಿಟರ್ ಬಿಟ್ಟು ಹೋಗುವ ಮಾತಿಲ್ಲ. ಆದರೆ ಬರೆಯುತ್ತಿರುವ ಕೋಡನ್ನು ಎಡಿಟರೇ ಪೂರ್ತಿ ಮಾಡಿಕೊಡುವ ಕಂಪ್ಲೀಷನ್ ಬೇಕು, ಚುಕ್ಕಿ ಒತ್ತಿದ ಕೂಡಲೇ ಫಂಕ್ಷನ್‌ಗಳ ಪಟ್ಟಿ ಬರಬೇಕು ಅನ್ನುವ ಆಸೆ ನನಗೂ ಇದೆ. ಒಂದು ಪುಟ್ಟ ಸಿ++ ಪ್ರಾಜೆಕ್ಟ್ ಮತ್ತು ಒಂದಿಷ್ಟು ಪೈಥಾನ್ ಸ್ಕ್ರಿಪ್ಟ್ ಇಟ್ಟುಕೊಂಡು ನಾಲ್ಕು ದಾರಿ ನೋಡಿದೆ.

ಮೊದಲನೆಯದು ವಿಮ್ ಜೊತೆಗೇ ಬರುವ ಕಂಟ್ರೋಲ್-ಎನ್. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ತೆರೆದಿರುವ ಫೈಲ್‌ಗಳಲ್ಲಿ ಇರುವ ಪದಗಳನ್ನೇ ಹುಡುಕಿ ಕೊಡುತ್ತದೆ. ಯಾವ ವೇರಿಯಬಲ್ ಯಾವ ಬಗೆಯದು ಅನ್ನುವ ಟೈಪು ಗೀಪು ಅದಕ್ಕೆ ಗೊತ್ತಿಲ್ಲ. ಕಂಟ್ರೋಲ್-ಎಕ್ಸ್ ಆದಮೇಲೆ ಕಂಟ್ರೋಲ್-ಎಫ್ ಒತ್ತಿದರೆ ಫೈಲ್ ಹೆಸರು, ಕಂಟ್ರೋಲ್-ಎಲ್ ಒತ್ತಿದರೆ ಇಡೀ ಸಾಲು. ಒಂದೇ ತೊಂದರೆ: ಸಿ++ನಲ್ಲಿ ಇನ್‌ಕ್ಲೂಡ್ ಮಾಡಿದ ಹೆಡರ್‌ಗಳನ್ನೂ ಅದು ಓದುತ್ತಾ ಕೂರುತ್ತದೆ, ಕರ್ಸರ್ ನಿಂತುಬಿಡುತ್ತದೆ. ‘ಕಂಪ್ಲೀಟ್’ ಅನ್ನುವ ಸೆಟ್ಟಿಂಗ್‌ನಿಂದ ‘ಐ’ ಅಕ್ಷರ ತೆಗೆದೆ, ಸರಿಹೋಯಿತು. ನಿಯೋವಿಮ್‌ನಲ್ಲಿ (ವಿಮ್‌ನಿಂದಲೇ ಕವಲೊಡೆದ ಎಡಿಟರ್) ಆ ಅಕ್ಷರ ಮೊದಲಿಂದಲೇ ಇಲ್ಲ.

ಎರಡನೆಯದು ಯೂ-ಕಂಪ್ಲೀಟ್-ಮಿ ಎಂಬ ಪ್ಲಗಿನ್, ಅಂದರೆ ವಿಮ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ. ಇದನ್ನು ಕಂಪೈಲ್ ಮಾಡಬೇಕು: ಬಿಲ್ಡ್ ಮಾಡಿಸುವ ಸಿಮೇಕ್, ಕಂಪೈಲರ್, ಪೈಥಾನ್ ಹೆಡರ್ ಎಲ್ಲಾ ಬೇಕು. ಗಿಟ್ ಸಬ್‌ಮಾಡ್ಯೂಲ್‌ಗಳನ್ನು (ಅದರೊಳಗೆ ಸೇರುವ ಬೇರೆ ಪ್ರಾಜೆಕ್ಟ್‌ಗಳನ್ನು) ಇಳಿಸಿಕೊಳ್ಳುವುದನ್ನು ಮರೆತು ಒಂದು ಸಂಜೆ ಹಾಳುಮಾಡಿಕೊಂಡೆ. ಅದು ನನ್ನದೇ ತಪ್ಪು. ಆದರೆ ಹುಡುಕುವ ರೀತಿ ಬಹಳ ಹಿಡಿಸಿತು. ಅಕ್ಷರಗಳು ಅಕ್ಕಪಕ್ಕ ಇರಬೇಕಿಲ್ಲ, ಅದೇ ಕ್ರಮದಲ್ಲಿ ಬಂದರೆ ಸಾಕು. ಜಿ-ಯು-ಡಿ ಅಂತ ಮೂರೇ ಅಕ್ಷರ ಒತ್ತಿದೆ, ‘ಗೆಟ್‌ಯೂಸರ್‌ಡೇಟಾ’ ಎದುರಿಗೆ ನಿಂತಿತ್ತು.

ಮೂರನೆಯದು ಕಾಕ್, ಇದೂ ಪ್ಲಗಿನ್ನೇ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಇದ್ದರೆ ಹತ್ತು ನಿಮಿಷದ ಕೆಲಸ, ಒಂದೊಂದು ಭಾಷೆಗೂ ಒಂದೊಂದು ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಮುಗಿಯಿತು. ನಾಲ್ಕರಲ್ಲಿ ಸಲೀಸಾಗಿ ಕೂತಿದ್ದು ಇದೇ. ಮಾದರಿ ಕಾನ್ಫಿಗ್ ಅನ್ನು ಓದದೆ ಸುಮ್ನೆ ಕಾಪಿ ಮಾಡಿದ್ದೆ. ಅದರಲ್ಲಿ ಎಂಟರ್ ಕೀ ಅಂದರೆ ‘ಪಟ್ಟಿಯಲ್ಲಿ ಆಯ್ಕೆಯಾಗಿದ್ದನ್ನು ತಗೋ’ ಅಂತ ಅರ್ಥ. ಒಂದು ಕಾಮೆಂಟ್ ಕೊನೆಗೆ ‘ಟೆಂಪ್’ ಅಂತ ಬರೆದು ಎಂಟರ್ ಒತ್ತಿದೆ. ಅದು ‘ಟೆಂಪ್ಲೇಟ್’ ಆಯಿತು, ಕರ್ಸರ್ ಅದೇ ಸಾಲಲ್ಲೇ ಕೂತಿತ್ತು. ಹೀಗೆ ದಿನಕ್ಕೆ ಹತ್ತು ಸಲ. ‘ನೋಸೆಲೆಕ್ಟ್’ ಆನ್ ಮಾಡಿದ ಮೇಲೆ, ನಾನು ಆರಿಸದ ಹೊರತು ಅದು ಏನನ್ನೂ ತುರುಕಲಿಲ್ಲ. ಆದರೆ ಮೆಮೊರಿ! ಕಾಕ್‌ಗೆ ಒಂದು ನೋಡ್, ಪೈಥಾನ್ ಕೋಡ್ ಪರಿಶೀಲಿಸುವ ಪೈರೈಟ್‌ಗೆ ಇನ್ನೊಂದು ನೋಡ್. ನನ್ನ ಲ್ಯಾಪ್‌ಟಾಪ್‌ಗೆ ಅದು ಜಾಸ್ತಿಯೇ ಆಯಿತು.

ತಮಾಷೆ ಏನೆಂದರೆ ಸಿ++ ಮಟ್ಟಿಗೆ ಯೂ-ಕಂಪ್ಲೀಟ್-ಮಿ, ಕಾಕ್, ಆಮೇಲೆ ನೋಡಿದ ನಿಯೋವಿಮ್ ಮೂರೂ ಹೆಚ್ಚುಕಡಿಮೆ ಅದೇ ಸಲಹೆ ಕೊಟ್ಟವು. ಕೊಡದೇ ಇರಲಿಕ್ಕೆ ಹೇಗೆ ಸಾಧ್ಯ, ಮೂರರ ಹಿಂದೆಯೂ ಇದ್ದದ್ದು ಸಿ++ ಕೋಡ್ ಓದಿ ಸಲಹೆ ಕೊಡುವ ಸರ್ವರ್, ಕ್ಲ್ಯಾಂಗ್‌ಡಿ. ಅಡುಗೆ ಭಟ್ಟರು ಒಬ್ಬರೇ, ಬಡಿಸುವವರು ಬೇರೆ ಬೇರೆ. ಮೊದಲು ಒಂದೊಂದು ಎಡಿಟರಿನವರೂ ಒಂದೊಂದು ಭಾಷೆಗೂ ಬೇರೆ ಬೇರೆ ಒಲೆ ಹೂಡಬೇಕಿತ್ತು. 2016ರಲ್ಲಿ ಮೈಕ್ರೋಸಾಫ್ಟ್, ಎಡಿಟರ್ ಮತ್ತು ಇಂಥ ಸರ್ವರ್ ಮಾತಾಡಿಕೊಳ್ಳುವ ನಿಯಮವಾದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಅನ್ನು ಎಲ್ಲರಿಗೂ ತೆರೆದಿಟ್ಟಿತು, ಆಮೇಲೆ ಒಂದೇ ಅಡುಗೆ ಎಲ್ಲ ಪಂಕ್ತಿಗೂ ಬರತೊಡಗಿತು.

ಇದು ಗೊತ್ತಿಲ್ಲದೆ ನಾನು ಪ್ಲಗಿನ್‌ಗಳನ್ನು ಬೈದಿದ್ದೇ ಬೈದದ್ದು. ನನ್ನ ಸ್ವಂತ ಹೆಡರ್‌ಗಳೇ ಸಿಗುತ್ತಿಲ್ಲ ಅಂತ ಫೈಲ್ ತುಂಬಾ ಕೆಂಪು ಗೆರೆ. ಪ್ಲಗಿನ್ ಬದಲಾಯಿಸಿದೆ, ಗೆರೆ ಹಾಗೇ ಇತ್ತು. ಕೊನೆಗೆ ತಿಳಿದದ್ದು: ಯಾವ ಫೈಲನ್ನು ಯಾವ ಫ್ಲ್ಯಾಗ್ (ಕಂಪೈಲರ್‌ಗೆ ಕೊಡುವ ಸೂಚನೆ) ಹಾಕಿ ಕಂಪೈಲ್ ಮಾಡುತ್ತೇವೆ ಅನ್ನುವುದು ಕ್ಲ್ಯಾಂಗ್‌ಡಿಗೆ ಗೊತ್ತಾಗಬೇಕು. ಅದಿರುವುದು ಕಂಪೈಲ್-ಕಮಾಂಡ್ಸ್ ಎಂಬ ಜೇಸನ್ ಫೈಲಲ್ಲಿ. ‘ಎಕ್ಸ್‌ಪೋರ್ಟ್ ಕಂಪೈಲ್ ಕಮಾಂಡ್ಸ್’ ಆನ್ ಮಾಡಿದರೆ ಸಿಮೇಕ್ ಅದನ್ನು ಬರೆದುಕೊಡುತ್ತದೆ. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಅಥವಾ ಅದರೊಳಗಿನ ‘ಬಿಲ್ಡ್’ ಫೋಲ್ಡರ್‌ನಲ್ಲಿ ಇದ್ದರೆ ಕ್ಲ್ಯಾಂಗ್‌ಡಿ ತಾನೇ ಹುಡುಕಿಕೊಳ್ಳುತ್ತದೆ. ನನ್ನ ಫೋಲ್ಡರ್ ಹೆಸರು ‘ಔಟ್’. ಆ ಫೈಲಿಗೆ ಕೊಂಡಿಯಾಗುವ ಒಂದು ಸಿಮ್‌ಲಿಂಕ್ ಹಾಕಿದೆ, ಕೆಂಪೆಲ್ಲಾ ಮಾಯ. ಪೈಥಾನ್‌ನಲ್ಲೂ ಅದೇ ಕಥೆ. ಪ್ರಾಜೆಕ್ಟಿನ ಲೈಬ್ರರಿಗಳಿರುವ ವರ್ಚುವಲ್ ಎನ್ವಿರಾನ್ಮೆಂಟ್ ಆನ್ ಮಾಡದೆ ಎಡಿಟರ್ ತೆರೆದರೆ ಪೈರೈಟ್ ‘ಆ ಲೈಬ್ರರಿ ಇಲ್ಲ’ ಅನ್ನುತ್ತದೆ, ಅಲ್ವಾ? ಇಲ್ಲದೇ ಏನು, ಅದು ನೋಡುತ್ತಿದ್ದ ಜಾಗ ಬೇರೆ.

ನಾಲ್ಕನೆಯದು ನಿಯೋವಿಮ್‌ನ ಒಳಗೇ ಇರುವ, ಇಂಥ ಸರ್ವರ್ ಜೊತೆ ಮಾತಾಡುವ ವ್ಯವಸ್ಥೆ. 2021ರ 0.5 ಆವೃತ್ತಿಯಿಂದ ಇದೆ. ಆದರೆ ಆಗ ನಾನು ಪಟ್ಟಿಗೊಂದು, ಸ್ನಿಪೆಟ್‌ಗೊಂದು, ಸರ್ವರ್ ಸೆಟ್ಟಿಂಗ್‌ಗೊಂದು ಅಂತ ಅರ್ಧ ಡಜನ್ ಪ್ಲಗಿನ್ ಸೇರಿಸಿಕೊಂಡಿದ್ದೆ. 2025ರ 0.11ರಲ್ಲಿ ಕೆಲಸ ಹಗುರವಾಯಿತು. ಸರ್ವರ್‌ನ ಕಮಾಂಡ್ ಯಾವುದು, ಯಾವ ಫೈಲ್‌ಗಳಿಗೆ ಅಂತ ನಾಲ್ಕು ಸಾಲು ಬರೆದು ‘ಎನೇಬಲ್’ ಅಂದರೆ ಆಯಿತು. ಕಂಟ್ರೋಲ್-ಎಕ್ಸ್, ಕಂಟ್ರೋಲ್-ಓ ಒತ್ತಿದಾಗ ಪಟ್ಟಿ ಬರುತ್ತದೆ. ಬೇಕಿದ್ದರೆ ಚುಕ್ಕಿ ಒತ್ತಿದ ಕೂಡಲೇ ತಾನಾಗಿ ಬರುವಂತೆಯೂ ಮಾಡಬಹುದು. ಯೂ-ಕಂಪ್ಲೀಟ್-ಮಿಯ ಆ ಚುರುಕುತನ ಇಲ್ಲಿಲ್ಲ, ಕಾಕ್‌ನ ಅಂದಚೆಂದವೂ ಇಲ್ಲ. ಆದರೆ ಕರೆದಾಗ ಮಾತ್ರ ಬರುತ್ತದೆ. ಟೈಪ್ ಮಾಡುವಾಗ ಪ್ರತಿ ಅಕ್ಷರಕ್ಕೂ ಪಟ್ಟಿ ಕುಣಿಯುತ್ತಿದ್ದರೆ ನನ್ನ ತಲೆ ಓಡುವುದಿಲ್ಲ, ಹಾಗಾಗಿ ನಾನು ಇಲ್ಲೇ ನಿಂತಿದ್ದೇನೆ. ರ‍್ಯಾಮ್ ಧಾರಾಳವಾಗಿ ಇರುವ ಗೆಳೆಯರು ಕೇಳಿದರೆ ಕಾಕ್ ಹಾಕಿಕೊಳ್ಳಿ ಅನ್ನುತ್ತೇನೆ.

ಕಂಟ್ರೋಲ್-ಎನ್ ಅನ್ನು ಮಾತ್ರ ಬಿಟ್ಟಿಲ್ಲ. ಈ ಬರಹವನ್ನೂ ವಿಮ್‌ನಲ್ಲೇ ಬರೆದೆ. ‘ಕಂಪ್ಲೀಷನ್’ ಅಂತ ಒಮ್ಮೆ ಪೂರ್ತಿ ಟೈಪಿಸಿದ ಮೇಲೆ ‘ಕಂಪ್ಲೀ’ವರೆಗೆ ಬರೆದು ಕಂಟ್ರೋಲ್-ಎನ್ ಒತ್ತಿದರೆ ಉಳಿದದ್ದು ತಾನೇ ಬರುತ್ತದೆ, ಯಾವ ಸರ್ವರೂ ಇಲ್ಲದೆ.