ಗೀರು ಮಾಯುವ ಕಾರ್ ಫಿಲ್ಮ್: ಎರಡು ಬೇಸಿಗೆಗಳ ನಂತರ

ನಮ್ಮ ಕಪ್ಪು ಕಾರಿನ ಬಾನೆಟ್, ಮುಂದಿನ ಬಂಪರ್ ಮತ್ತು ಬಾಗಿಲ ಹಿಡಿಕೆಗಳ ಹಿಂದಿನ ಬಟ್ಟಲಿನಂಥ ಜಾಗಗಳಿಗೆ ಬಣ್ಣ ಕಾಯುವ ಪಾರದರ್ಶಕ ಪಾಲಿಯುರೆಥೇನ್ ಪ್ಲಾಸ್ಟಿಕ್ ಫಿಲ್ಮ್, ಅಂದರೆ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್), ಹಾಕಿಸಿ ಎರಡು ಬೇಸಿಗೆಗಳು ಕಳೆದಿವೆ. ಎಂಥ ಗೀರು ಬಿದ್ದರೂ ತಾನಾಗಿ ಮಾಯುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಆ ಮಾತಿನಲ್ಲಿ ಅರ್ಧ ನಿಜವಿದೆ.

ಸುಮಾರು 200 ಮೈಕ್ರಾನ್ ದಪ್ಪದ ಈ ಫಿಲ್ಮಿನ ಬಹುಭಾಗ ಕಲ್ಲೇಟು ತಡೆಯುವುದಕ್ಕಿದೆ. ಮಾಯುವ ಗುಣವಿರುವುದು ಮೇಲಿನ ತೆಳು ಲೇಪಕ್ಕೆ. ಧೂಳು ಕುಳಿತ ಬಾನೆಟ್ಟನ್ನು ಒಣಬಟ್ಟೆಯಿಂದ ಒರೆಸಿದಾಗ ಮೂಡುವ ಜೇಡರಬಲೆಯಂಥ ಗೀರುಗಳಲ್ಲಿ (ನಮ್ಮ ಮನೆಯಲ್ಲಿ ಈ ಕೆಲಸ ಎಷ್ಟು ಹೇಳಿದರೂ ನಿಂತಿಲ್ಲ) ಲೇಪ ಕಿತ್ತುಹೋಗಿರುವುದಿಲ್ಲ, ಪಕ್ಕಕ್ಕೆ ಸರಿದಿರುತ್ತದೆ ಅಷ್ಟೆ. ಬಲೆಯಂತೆ ಒಂದಕ್ಕೊಂದು ಹೆಣೆದುಕೊಂಡ ಪಾಲಿಮರ್ ಸರಪಳಿಗಳು (ಲೇಪದ ಉದ್ದನೆಯ ಅಣುಗಳು) ಎಳೆದ ರಬ್ಬರಿನ ಹಾಗೆ ಹಳೆಯ ಆಕಾರಕ್ಕೆ ಮರಳಲು ಹವಣಿಸುತ್ತಿದ್ದರೂ ತಂಪಿನಲ್ಲಿ ಅವುಗಳ ಚಲನೆ ನಿಧಾನ; ಬಿಸಿ ತಾಗಿದರೆ ಅವು ಸಡಿಲಗೊಂಡು ಹಿಂದಕ್ಕೆ ಸರಿಯುತ್ತವೆ, ಗೀರು ಮುಚ್ಚಿಕೊಳ್ಳುತ್ತದೆ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಬೆಳಗಿನ ಗೀರು ಮಧ್ಯಾಹ್ನದ ಊಟದ ಹೊತ್ತಿಗೆ ಕಾಣದಾಗುತ್ತಿತ್ತು. ಮಳೆಗಾಲದಲ್ಲಿ ಮಡಿಕೇರಿಗೆ ಹೋದಾಗ ಅಂಥವೇ ಗೀರುಗಳು ನಾಲ್ಕು ದಿನವೂ ಹಾಗೆಯೇ ಉಳಿದವು. ಕೊನೆಗೆ ಒಂದು ಚೊಂಬು ಬಿಸಿನೀರು ಸುರಿದ ಮೇಲೆ ಹೋದವು.

ಬೀಗದ ಕೈ ಆಳವಾಗಿ ಕೊರೆದ ಗೆರೆ ಮಾತ್ರ ಬಿಸಿಲಿಗೂ ಬಿಸಿನೀರಿಗೂ ಜಗ್ಗಲಿಲ್ಲ. ಸರಪಳಿಗಳೇ ತುಂಡಾದ ಮೇಲೆ ಅವನ್ನು ಬೆಸೆಯುವ ಸಾಮಗ್ರಿ ಈ ಫಿಲ್ಮಿನಲ್ಲಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2001ರಲ್ಲಿ ಪ್ರಕಟಿಸಿದ ಎಪಾಕ್ಸಿ ರಾಳದ ಬಗೆ ಬೇರೆ: ಅದರೊಳಗೆ ದ್ರವ ತುಂಬಿದ ಸೂಕ್ಷ್ಮ ಗುಳಿಗೆಗಳಿದ್ದವು, ಬಿರುಕು ಅವುಗಳನ್ನು ಒಡೆದಾಗ ಹೊರಬಂದ ದ್ರವ, ರಾಳದಲ್ಲಿ ಹರಡಿದ್ದ ವೇಗವರ್ಧಕವನ್ನು ಸೇರಿ ಗಟ್ಟಿಯಾಗಿ ಬಿರುಕನ್ನು ಬೆಸೆಯುತ್ತಿತ್ತು. ಒಡೆದ ಗುಳಿಗೆ ಮತ್ತೊಮ್ಮೆ ತುಂಬದು ಎಂಬುದು ಅದರ ಮಿತಿ. ನಮ್ಮ ಫಿಲ್ಮಿನ ಲೇಪ ಒಂದೇ ಜಾಗದಲ್ಲಿ ಹಲವು ಸಲ ಮಾಯಬಲ್ಲದು, ಆದರೆ ಮೇಲ್ಮೈಯ ಗೀರು ಮಾತ್ರ. ಎರಡನ್ನೂ ‘ಸೆಲ್ಫ್ ಹೀಲಿಂಗ್’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಗಿರಾಕಿಗಳು ಮೋಸಹೋಗುತ್ತಾರೆ.

ಅಂಗಡಿಯವರ ಕೈಗೆಲಸ ಸಾಧಾರಣ: ಬಂಪರಿನ ಅಂಚು ಎರಡೇ ತಿಂಗಳಲ್ಲಿ ಎದ್ದಿತು, ಸರಿಪಡಿಸಲು ಮೂರು ಸಲ ಅಲೆದೆ. ಹಕ್ಕಿಯ ಹಿಕ್ಕೆಯ ಕಲೆಗೂ ಮಾಯುವ ಗುಣಕ್ಕೂ ಸಂಬಂಧವಿಲ್ಲ, ತಕ್ಷಣ ತೊಳೆಯಬೇಕು. ಗೀರು ಅಷ್ಟಾಗಿ ಕಾಣದ ಬಿಳಿ ಕಾರಿಗೆ ಈ ಖರ್ಚನ್ನು ನಾನು ಸೂಚಿಸುವುದಿಲ್ಲ. ಕಪ್ಪು ಕಾರಿಗಾದರೂ ಮುಂಭಾಗ ಮತ್ತು ಹಿಡಿಕೆಗಳ ಜಾಗ ಸಾಕು. ಬೀಗದ ಕೈ ಕೊರೆದಿದ್ದ ಬಟ್ಟಲಿನ ತುಂಡನ್ನಷ್ಟೇ ಕಳೆದ ತಿಂಗಳು ಬದಲಿಸಿದೆ. ಹಳೆಯದನ್ನು ಸುಲಿದಾಗ ಅಡಿಯ ಬಣ್ಣಕ್ಕೆ ಏನೂ ಆಗಿರಲಿಲ್ಲ.