ಗರಿ–ನಾಣ್ಯ ಕೊಳವೆ: ಕೊಳವೆಗೆ ಪೂರ್ಣ ಅಂಕ, ಕೈಪಂಪು ಫೇಲ್

ಮಂಗಳೂರಿನ ಹೈಸ್ಕೂಲು, ಪಿಯು ಲ್ಯಾಬುಗಳಿಗೆ ಒಂದು ಮೀಟರಿನ ಅಕ್ರಿಲಿಕ್ ಗರಿ–ನಾಣ್ಯ ಕೊಳವೆ ತರಿಸುವವರು ಜತೆಗೆ ಬರುವ ಕೈಪಂಪನ್ನು ನಂಬಬೇಡಿ. ಗಾಳಿ ತೆಗೆದರೆ ಗರಿ, ನಾಣ್ಯ ಎರಡೂ ಒಟ್ಟಿಗೆ ಬೀಳುತ್ತವೆ ಎಂದು ತೋರಿಸುವ ಸಾಧನವಿದು. ಕೊಳವೆಯಲ್ಲಿ ಹೆಸರಿಡುವಂಥದ್ದೇನಿಲ್ಲ. ಗೋಡೆ ದಪ್ಪ, ಗಾಳಿ ಸೋರದಂತೆ ತಡೆಯುವ ಓ-ರಿಂಗ್ ಬಿಗಿ, ವಾಲ್ವ್ ಸಲೀಸು.

ಒಂದು ಮೀಟರ್ ಬೀಳಲು ನಾಣ್ಯಕ್ಕೆ 0.45 ಸೆಕೆಂಡ್. ಗಾಳಿಯಲ್ಲಿ ಸಣ್ಣ ಗರಿಯ ವೇಗ ಸೆಕೆಂಡಿಗೆ ಒಂದು ಮೀಟರ್ ದಾಟುವುದಿಲ್ಲ ಎಂದಿಟ್ಟುಕೊಂಡರೆ ಅದಕ್ಕೆ ಸುಮಾರು 1.07 ಸೆಕೆಂಡ್. ಕೈಪಂಪು ಎಷ್ಟು ಒತ್ತಿದರೂ ತೆಗೆಯುವುದು ಸುಮಾರು ಶೇ. 85 ಗಾಳಿ. ಸಾಂದ್ರತೆಯ ವರ್ಗಮೂಲ ಇಳಿದಷ್ಟೂ ಅಂತಿಮ ವೇಗ (ಗಾಳಿಯ ತಡೆಯಿಂದಾಗಿ ಬೀಳುವ ವಸ್ತು ದಾಟಲಾಗದ ವೇಗ) ಏರುವುದರಿಂದ ಗರಿಯ ಮಿತಿ ಸೆಕೆಂಡಿಗೆ 2.6 ಮೀಟರಿಗೆ ಬರುತ್ತದೆ. ನಾಣ್ಯ ತಳ ಮುಟ್ಟುವುದು 4.4ರ ವೇಗದಲ್ಲಿ! ಗರಿ 0.57 ಸೆಕೆಂಡಿಗೆ ಬರುತ್ತದೆ, ಹಿಂದಿನ ಬೆಂಚಿನವರಿಗೂ ವ್ಯತ್ಯಾಸ ಕಾಣುತ್ತದೆ. ಮತ್ತೆ 'ಎರಡೂ ಒಟ್ಟಿಗೆ ಬಿದ್ದವು' ಎಂದರೆ ಮಕ್ಕಳು ನಂಬಬೇಕಲ್ಲ ಮಾರಾಯ್ರೇ.

ಪರಿಹಾರ ಎ.ಸಿ. ಮೆಕ್ಯಾನಿಕ್‌ಗಳ ಬಳಿ ಇದೆ. ಅವರ ಎರಡು ಹಂತದ ರೋಟರಿ ನಿರ್ವಾತ ಪಂಪನ್ನು ದಪ್ಪ ಗೋಡೆಯ ಹೋಸಿನಲ್ಲಿ ಜೋಡಿಸಿ. ಶೇ. 1 ಗಾಳಿ ಉಳಿದರೂ ಗರಿ 0.46 ಸೆಕೆಂಡಿಗೆ ಇಳಿಯುತ್ತದೆ. ಮೊಬೈಲಿನ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ಮಾತ್ರ ಸುಮಾರು ಎರಡು ಫ್ರೇಮಿನ ಅಂತರ ಸಿಕ್ಕೀತು.

ಒತ್ತಡ ಅಳೆಯುವ ಗೇಜ್ ತೋರಿಸುವುದು ಒಳ-ಹೊರಗಿನ ಒತ್ತಡದ ವ್ಯತ್ಯಾಸ, ಪಾದರಸದ ಸೆಂ.ಮೀ. ಲೆಕ್ಕದಲ್ಲಿ. ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆಗೆದ ವಿಡಿಯೋದಲ್ಲಿ ಮುಳ್ಳು 68 ಸೆಂ.ಮೀ. ಬಳಿ ನಿಂತರೆ ಅಲ್ಲಿಗೆ ಅದೇ ಪೂರ್ತಿ ನಿರ್ವಾತ. ಕಡಲಮಟ್ಟದ ನಮ್ಮೂರಲ್ಲಿ 76ರ ಹತ್ತಿರ ಹೋಗಬೇಕು. ಮಳೆಗಾಲದಲ್ಲಿ 73ಕ್ಕೆ ಸಿಕ್ಕಿಕೊಂಡರೆ ಲೀಕ್ ಹುಡುಕುವ ಮೊದಲು ಒಳಗಿನ ಪಸೆ ನೋಡಿ. 28 ಡಿಗ್ರಿಯಲ್ಲಿ ನೀರಾವಿಯ ಒತ್ತಡವೇ 2.8 ಸೆಂ.ಮೀ. ಹಿಂದಿನ ರಾತ್ರಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ. ಪಂಪಿನ ಎಣ್ಣೆ ಹಾಲಿನಂತಾದರೆ ತೇವ ಸೇರಿದೆ, ಬದಲಿಸಿ.

ಗರಿ 3–4 ಸೆಂ.ಮೀ. ಸಾಕು. ಕೊಳವೆಯನ್ನು ಒಣಬಟ್ಟೆಯಿಂದ ತಿಕ್ಕಿದರೆ ಸ್ಥಿರವಿದ್ಯುತ್ತಿಗೆ ಗರಿ ಗೋಡೆಗಂಟುತ್ತದೆ. ತಲೆಕೆಳಗಾಗಿ ತಿರುವಿದ ಮೇಲೆ ಕೊಳವೆ ನೆಟ್ಟಗಿರಲಿ, ವಾಲಿದರೆ ನಾಣ್ಯ ಉಜ್ಜಿಕೊಂಡು ತಡವಾಗುತ್ತದೆ. 1971ರಲ್ಲಿ ಚಂದ್ರನ ಮೇಲೆ ಸುತ್ತಿಗೆ, ಗರಿ ಬೀಳಿಸಿದ ಡೇವಿಡ್ ಸ್ಕಾಟ್‌ಗೆ ಇದ್ಯಾವ ರಗಳೆಯೂ ಇರಲಿಲ್ಲ ಬಿಡಿ.

ಸ್ಪಿರಿಟ್ ಹಾಕಿ ಒರೆಸುವುದು ಬೇಡವೇ ಬೇಡ, ಅಕ್ರಿಲಿಕ್‌ನಲ್ಲಿ ಕೂದಲೆಳೆ ಬಿರುಕು ಬರುತ್ತದೆ. 5 ಸೆಂ.ಮೀ. ವ್ಯಾಸದ ಮುಚ್ಚಳದ ಮೇಲೆ ಹೊರಗಿನ ಗಾಳಿ ಸುಮಾರು 20 ಕೆ.ಜಿ. ತೂಕದಷ್ಟು ಒತ್ತುತ್ತಿರುತ್ತದೆ, ಬಿರುಕು ಕಂಡ ಕೊಳವೆಗೆ ಪಂಪು ಹಚ್ಚಬೇಡಿ.